ಬೆಟ್ಟದಲ್ಲಿ ದಾರಿ ಓದುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಸೆಂಬರ್ ರಜೆಗೆ ಗೈಡ್ ಜೊತೆ ಪಶ್ಚಿಮ ಘಟ್ಟದಲ್ಲಿ ನಾಲ್ಕು ದಿನ ನಡೆಯುವ ಪ್ಯಾಕೇಜ್ ಬುಕ್ ಮಾಡಿದ್ದೇವೆ. ‘ನಕ್ಷೆ, ಕಂಪಾಸ್ ತರಬೇತಿ ಸಹಿತ’ ಎಂದಿದೆ. ನಿಜಕ್ಕೂ ಕಲಿತು ಬರಲು ಏನು ಮಾಡಬೇಕು?
(ಸರಸ್ವತಿಪುರಂ, ಮೈಸೂರು)

ಗೈಡಿನ ಬೆನ್ನು ನೋಡಿಕೊಂಡು ನಾಲ್ಕು ದಿನ ನಡೆದರೆ ಗೈಡಿನ ಬೆನ್ನು ಚೆನ್ನಾಗಿ ಪರಿಚಯವಾಗುತ್ತದೆ, ದಾರಿಯಲ್ಲ. ಈಗಲೇ ಫೋನ್ ಮಾಡಿ ಎರಡು ಮಾತು ಕೇಳಿ. ಇಬ್ಬರಿಗೊಂದು ನಕ್ಷೆ ಕೊಡುತ್ತಾರಾ? ದಿನಕ್ಕೊಂದು ಗಂಟೆಯಾದರೂ ನಿಮ್ಮನ್ನು ಮುಂದೆ ಬಿಟ್ಟು ಗೈಡ್ ಹಿಂದೆ ಬರುತ್ತಾರಾ? ಗುಂಪು ಎಂಟು ಜನಕ್ಕಿಂತ ದೊಡ್ಡದಾದರೆ ಎರಡನೆಯದು ನಡೆಯುವ ಮಾತಲ್ಲ.

ನಕ್ಷೆಯ ಅಕ್ಷರಾಭ್ಯಾಸ ಮನೆಯಲ್ಲೇ ಮುಗಿಯಲಿ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವುದು ಕಾಂಟೂರ್ ಗೆರೆ, ಒಂದಕ್ಕೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಹೊಸಬರು ಎಡವುವುದು ಗುಡ್ಡದ ಬೆನ್ನಾದ ಏಣು ಯಾವುದು, ಹಳ್ಳ ಯಾವುದು ಎನ್ನುವಲ್ಲಿ, ಯಾಕೆಂದರೆ ಎರಡೂ ಬಿಲ್ಲಿನಂತೆ ಬಾಗಿದ ಗೆರೆಗಳೇ. ಬಾಗಿನ ಮೂತಿ ಎತ್ತರದ ಕಡೆಗಿದ್ದರೆ ಹಳ್ಳ, ತಗ್ಗಿನ ಕಡೆಗಿದ್ದರೆ ಏಣು. ಇನ್ನೊಂದು ಪಾಠಕ್ಕೆ ಪಾಂಡವಪುರದ ಕುಂತಿಬೆಟ್ಟದಂಥ ಬಂಡೆಗುಡ್ಡವೇ ಬೇಕು. 20 ಮೀಟರಿಗಿಂತ ಗಿಡ್ಡ ಬಂಡೆ ಎರಡು ಗೆರೆಗಳ ನಡುವೆ ಅಡಗಿಬಿಡಬಹುದು. ಆರಾಳೆತ್ತರದ ಬಂಡೆ ಎದುರಿಗೆ ನಿಂತಿರುತ್ತದೆ, ಕಾಗದದ ಮೇಲೆ ಏನೂ ಇರುವುದಿಲ್ಲ.

ನಡೆಯುವಾಗ ನಕ್ಷೆಯ ಉತ್ತರ ನೆಲದ ಉತ್ತರಕ್ಕೆ ಹೊಂದುವಂತೆ ಹಿಡಿಯಿರಿ. ಅಕ್ಷರ ತಲೆಕೆಳಗಾದರೂ ಚಿಂತೆಯಿಲ್ಲ. ನಿಂತ ಜಾಗದ ಮೇಲೆ ಹೆಬ್ಬೆರಳಿಟ್ಟು, ಪ್ರತಿ ಸಲ ಹೊರಡುವ ಮುಂಚೆ ಬಾಯಿಬಿಟ್ಟು ಮೂರು ಸಂಗತಿ ಹೇಳಿ: ಪಕ್ಕದಲ್ಲಿ ಏನು ಸಿಗಬೇಕು, ಎಷ್ಟು ಹೊತ್ತು, ಏನು ಕಂಡರೆ ದಾಟಿ ಬಂದಂತೆ. ‘ಎಡಕ್ಕೆ ಹಳ್ಳ, 25 ನಿಮಿಷ, ಇಳಿಜಾರು ಶುರುವಾದರೆ ತಿರುವು ತಪ್ಪಿತು.’ ಎಲ್ಲರೂ ಮರೆಯುವುದು ಈ ಮೂರನೆಯದನ್ನು. ದಾರಿ ತಪ್ಪಿದ ತಕ್ಷಣ ತಿದ್ದಬೇಡಿ, ಐದು ನಿಮಿಷ ಸುಮ್ಮನಿರಿ ಎಂದು ಗೈಡಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ‘ಇಲ್ಲೇ, ಅರ್ಧ ಗಂಟೆ’ ಎಂದು ಗೈಡ್ ಹೇಳಿದ ದಾರಿ ನಮಗೆ ಎರಡು ಗಂಟೆ ಹಿಡಿಯಿತು. ಹೊತ್ತನ್ನು ಅಂದಾಜು ಮಾಡುವುದು ಹೇಗೆ?
(ಮಂಡ್ಯ)

ಅವರು ಸುಳ್ಳು ಹೇಳಿಲ್ಲ, ಅದು ಅವರ ಕಾಲಿನ ಅರ್ಧ ಗಂಟೆ. ಸ್ಕಾಟ್ಲೆಂಡಿನ ವಿಲಿಯಂ ನೇಯ್ಸ್‌ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಗಂಟೆಗೆ 5 ಕಿ.ಮೀ., ಜೊತೆಗೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಅದು ತಣ್ಣನೆಯ ನಾಡಿನ, ನಡೆದು ರೂಢಿಯಿದ್ದವರ ಲೆಕ್ಕ. ನಮ್ಮ ಬಿಸಿಲಿಗೆ, ಹೊಸ ಕಾಲಿಗೆ ಗಂಟೆಗೆ 3 ಕಿ.ಮೀ. ಹಿಡಿಯಿರಿ. ನಕ್ಷೆಯಲ್ಲಿ ದಾರಿ 9 ಸೆಂ.ಮೀ. ಇದೆ ಅಂದುಕೊಳ್ಳಿ, ಅಂದರೆ ನಾಲ್ಕೂವರೆ ಕಿ.ಮೀ., ಒಂದೂವರೆ ಗಂಟೆ. ಏರುತ್ತಾ ದಾಟುವ ಕಾಂಟೂರ್ ಗೆರೆ 20, ಅಂದರೆ 400 ಮೀಟರ್ ಏರು, 40 ನಿಮಿಷ. ಗಂಟೆಗೆ ಹತ್ತು ನಿಮಿಷ ದಣಿವಾರಿಸಿಕೊಳ್ಳುವುದೂ ಸೇರಿ ಎರಡೂವರೆ ಗಂಟೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಲೆಕ್ಕವನ್ನು ಸಂಜೆ ನಾಲ್ಕೂವರೆಯಿಂದ ಹಿಂದಕ್ಕೆ ಹಾಕಿಕೊಂಡು ಬನ್ನಿ.

ಪ್ರಶ್ನೆ: ಮಗ ಯೂರೋಪಿನಿಂದ ಕಂಪಾಸ್ ತಂದಿದ್ದಾನೆ. ಇಲ್ಲಿ ಮುಳ್ಳಿನ ಒಂದು ತುದಿ ಬಾಗಿ ತಳಕ್ಕೆ ತಾಗುತ್ತದೆ. ಕೆಟ್ಟಿದೆಯೇ?
(ಕುವೆಂಪುನಗರ, ಮೈಸೂರು)

ಕೆಟ್ಟಿಲ್ಲ. ಯೂರೋಪಿನಲ್ಲಿ ಭೂಮಿಯ ಕಾಂತಬಲ ಮುಳ್ಳಿನ ಉತ್ತರದ ತುದಿಯನ್ನು ಜೋರಾಗಿ ಕೆಳಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ತಯಾರಕರು ದಕ್ಷಿಣದ ತುದಿಗೆ ತೂಕ ಕೊಟ್ಟಿರುತ್ತಾರೆ. ಈ ಕೆಳಗಿನ ಎಳೆತವೇ ಇಲ್ಲದ ಗೆರೆ, ಅಂದರೆ ಕಾಂತೀಯ ಸಮಭಾಜಕ, ಕೇರಳದ ತುದಿಯ ಹತ್ತಿರ ಹಾದುಹೋಗುವುದರಿಂದ (1963ರಲ್ಲಿ ಭಾರತದಿಂದ ಮೊದಲ ರಾಕೆಟ್ ಹಾರಿಸಲು ಅಲ್ಲಿನ ‘ತುಂಬಾ’ ಎಂಬ ಹೆಸರಿನ ಗ್ರಾಮವನ್ನು ಆರಿಸಿದ್ದೂ ಇದಕ್ಕೇ) ಮೈಸೂರಿನಲ್ಲಿ ಆ ಎಳೆತ ತೀರಾ ಕಡಿಮೆ, ದಕ್ಷಿಣದ ತುದಿ ಭಾರವಾಗಿ ಜೋಲುತ್ತದೆ. ಮುಳ್ಳು ಸಲೀಸಾಗಿ ಆಡುವಷ್ಟು ಕಂಪಾಸನ್ನು ಓರೆ ಮಾಡಿ ಸಂಭಾಳಿಸಬಹುದು. ಕೊಳ್ಳುವುದಾದರೆ ಭಾರತದ ವಲಯಕ್ಕೆ ಹೊಂದಿಸಿದ್ದನ್ನು ಕೇಳಿ ತೆಗೆದುಕೊಳ್ಳಿ. ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಎರಡು ಡಿಗ್ರಿ ಆಸುಪಾಸಿನ ವ್ಯತ್ಯಾಸ. ಒಂದು ಕಿ.ಮೀ.ಗೆ 35 ಮೀಟರ್ ತಪ್ಪುತ್ತದೆ ಅಷ್ಟೆ, ಕಲಿಯುವಾಗ ತಲೆಕೆಡಿಸಿಕೊಳ್ಳಬೇಡಿ.

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ. ಅರಮನೆ, ಲಲಿತಮಹಲ್ ಎರಡೂ ಕಾಣುವ ಜಾಗ ಹುಡುಕಿ, ಕಬ್ಬಿಣದ ರೇಲಿಂಗಿನಿಂದ ಎರಡು ಮೂರು ಮೀಟರ್ ಹಿಂದೆ ಸರಿಯಿರಿ. ಮೊಬೈಲನ್ನು ಕಂಪಾಸಿನಿಂದ ದೂರವಿಡಿ. ಕಂಪಾಸಿನ ಬಾಣವನ್ನು ಅರಮನೆಯತ್ತ ಹಿಡಿದು, ಮುಳ್ಳಿನ ಕೆಂಪು ತುದಿ ತಳದಲ್ಲಿ ಬರೆದ ಚೌಕಟ್ಟಿನೊಳಗೆ ಕೂರುವವರೆಗೆ ಡಿಗ್ರಿ ಗುರುತಿನ ಸುತ್ತಿನ ಬಿಲ್ಲೆ ತಿರುಗಿಸಿದರೆ 335 ಡಿಗ್ರಿ ಆಸುಪಾಸು ಬರಬೇಕು. ಲಲಿತಮಹಲಿಗೆ 40ರ ಹತ್ತಿರ. ನಿಂತ ಜಾಗದ ಮೇಲೆ ಐದಾರು ಡಿಗ್ರಿ ಅತ್ತಿತ್ತ ಆಗುತ್ತದೆ. ಈಗ ಬೇಕಾದ್ದು ಅಲ್ಲಿಂದ ನಿಮ್ಮತ್ತ ಬರುವ ದಿಕ್ಕು, ಹಾಗಾಗಿ ಮೊದಲನೆಯದರಿಂದ 180 ಕಳೆಯಿರಿ, 155. ಎರಡನೆಯದಕ್ಕೆ 180 ಕೂಡಿಸಿ, 220. ನಕ್ಷೆಯಲ್ಲಿ ಅರಮನೆಯಿಂದ 155ರ ಗೆರೆ, ಲಲಿತಮಹಲಿನಿಂದ 220ರ ಗೆರೆ ಎಳೆದರೆ ಎರಡೂ ಕತ್ತರಿಸುವಲ್ಲಿ ನೀವಿದ್ದೀರಿ. ಗೆರೆಗಳು ಬೆಟ್ಟ ಬಿಟ್ಟು ಊರಾಚೆ ಓಡಿದರೆ ಬಿಲ್ಲೆಯನ್ನು ಮುಳ್ಳಿನ ತಪ್ಪು ತುದಿಗೆ ಹೊಂದಿಸಿದ್ದೀರಿ ಎಂದರ್ಥ, ಬಹಳ ಮಂದಿ ಮಾಡುವ ತಪ್ಪು ಅದು.

ಪ್ರಶ್ನೆ: ಕೈಗಡಿಯಾರದ ಗಂಟೆಮುಳ್ಳನ್ನು ಸೂರ್ಯನತ್ತ ಹಿಡಿದು ದಕ್ಷಿಣ ಕಂಡುಹಿಡಿಯಬಹುದಂತೆ, ಹೌದೇ?
(ಶ್ರೀರಂಗಪಟ್ಟಣ)

ನಮ್ಮಲ್ಲಿ ನಂಬಬೇಡಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬದಲಿಗೆ ಒಂದು ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ, 20 ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನ ಹನ್ನೆರಡರ ಆಚೀಚೆ ಇದು ಹೆಚ್ಚು ಸರಿ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲೆ, ಎದುರಿಗೊಂದು ಗುಡ್ಡವಿದ್ದರೆ ಮುಗಿಯಿತು.

ಪ್ರಶ್ನೆ: ಮಂಜು ಕವಿದು ಗುಂಪಿನಿಂದ ಬೇರಾದರೆ?
(ಮದ್ದೂರು)

ನಿಂತುಬಿಡಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುವ ಮಾತು ಬಯಲುಸೀಮೆಗೆ ಸರಿ. ಘಟ್ಟದ ಹಳ್ಳ ನೇರ ಜಲಪಾತದ ನೆತ್ತಿಗೆ ಒಯ್ಯಬಹುದು, ಹಾವಸೆ ಹಿಡಿದ ಬಂಡೆಯ ಮೇಲಿಂದ ಹಿಂತಿರುಗುವುದು ಕಷ್ಟ. ನಿಮಿಷಕ್ಕೆ ಆರು ಸೀಟಿ ಊದಿ, ಒಂದು ನಿಮಿಷ ಕಿವಿಗೊಡಿ, ಮತ್ತೆ ಆರು. ಮರುಸೀಟಿ ಮೂರು ಕೇಳಿದರೂ ಅತ್ತ ಹೊರಡಬೇಡಿ, ಅವರು ನಿಮ್ಮನ್ನು ತಲುಪುವವರೆಗೆ ಊದುತ್ತಲೇ ಇರಿ. ಸೀಟಿ ಇರಬೇಕಾದ್ದು ಬ್ಯಾಗಿನ ಹೆಗಲ ಪಟ್ಟಿಯಲ್ಲಿ, ತಿಂಡಿ ಡಬ್ಬಿಯ ಅಡಿಯಲ್ಲಲ್ಲ.