ಸೈನ್ಸ್ ಓದಿಲ್ಲ, ನ್ಯೂಟ್ರಿಷನ್ ಮತ್ತು ಡಯಟ್ ಥೆರಪಿ ಕೋರ್ಸನ್ನು ಆನ್‌ಲೈನ್‌ನಲ್ಲಿ ಮಾಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಕಾಮರ್ಸ್ ಓದಿದವರು, ಹಗಲು ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಅಮ್ಮನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಕಾಲೇಜೊಂದರ ನ್ಯೂಟ್ರಿಷನ್ ಮತ್ತು ಡಯಟ್ ಥೆರಪಿ ಕೋರ್ಸನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದಿದರೆ ತಲೆಗೆ ಹತ್ತುತ್ತಾ, ಅಮ್ಮನಿಗೆ ಉಪಯೋಗ ಆಗುತ್ತಾ, ಮುಂದೆ ನಾಲ್ಕು ಜನಕ್ಕೆ ಡಯಟ್ ಹೇಳಿಕೊಡಬಹುದಾ ಅಂತ ಕೇಳಿದ್ದೀರಿ. ನಾನೂ ಸೈನ್ಸ್ ಓದಿದವಳಲ್ಲ. ಎರಡು ವರ್ಷದ ಹಿಂದೆ ಇಂಥದೇ ಕೋರ್ಸ್ ಮುಗಿಸಿದೆ. ಮೊದಲ ಎರಡಕ್ಕೆ ನನ್ನ ಉತ್ತರ ಹೌದು. ಮೂರನೆಯದಕ್ಕೆ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಲೆಕ್ಕದ ಹೆದರಿಕೆ ಇದ್ದರೆ ಇವತ್ತೇ ಬಿಡಿ. ಒಂದು ಗ್ರಾಂ ಕಾರ್ಬೋಹೈಡ್ರೇಟ್‌ಗೆ 4 ಕ್ಯಾಲೊರಿ, ಪ್ರೊಟೀನ್‌ಗೆ 4, ಕೊಬ್ಬಿಗೆ 9. ಅರ್ಧ ಕೋರ್ಸ್ ಈ ಮೂರು ಅಂಕಿಯ ಮೇಲೆ ನಿಂತಿದೆ. ಕೂಡುವುದು, ಗುಣಿಸುವುದು ಬಂದರೆ ಸಾಕು. ಕಷ್ಟ ಆಗುವುದು ಎರಡನೇ ವಾರದಿಂದ ಐದನೇ ವಾರದವರೆಗೆ. ಜೀರ್ಣಕ್ರಿಯೆ, ಹಾರ್ಮೋನ್, ಲಿವರ್ ಏನು ಮಾಡುತ್ತದೆ ಅನ್ನುವ ಪಾಠಗಳು ಒಟ್ಟಿಗೆ ಬಂದು ಬೀಳುತ್ತವೆ. ನಾನು ಮೊದಲು ವಿಡಿಯೋ ಸುಮ್ನೆ ನೋಡುತ್ತಾ ಹೋದೆ, ಏನೂ ಉಳಿಯಲಿಲ್ಲ. ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಒಂದು ತುಂಡು ಬ್ರೆಡ್ ಬಾಯಿಂದ ಶುರುವಾಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುವ ತನಕ ದಾರಿಯನ್ನು ನಾನೇ ಬರೆದೆ. ಎಲ್ಲಿ ಯಾವ ರಸ ಸೇರುತ್ತದೆ, ಇನ್ಸುಲಿನ್ ಎಲ್ಲಿ ಬರುತ್ತದೆ, ಎಲ್ಲವನ್ನೂ. ಆಮೇಲೆ ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಒಂದು ಚಮಚ ಎಣ್ಣೆಯ ದಾರಿ. ಈ ಒಂದು ಹಾಳೆ ನನ್ನನ್ನು ಪರೀಕ್ಷೆ ದಾಟಿಸಿತು ಅಂದರೆ ತಪ್ಪಲ್ಲ.

ಕೋರ್ಸಿನಲ್ಲಿ ನನ್ನ ಕಣ್ಣು ತೆರೆಸಿದ ಮೊದಲ ಕೆಲಸ ಮೂರು ದಿನದ ಊಟದ ಡೈರಿ. ಎರಡು ಕೆಲಸದ ದಿನ, ಒಂದು ರಜೆಯ ದಿನ. ತಿಂದದ್ದು, ಕುಡಿದದ್ದು ಎಲ್ಲವನ್ನೂ ತೂಕ ಮಾಡಿ ಬರೆಯಬೇಕು. ನನಗೊಬ್ಬಳಿಗೆ ಮಾಡಿಕೊಳ್ಳುವ ಅಡುಗೆಗೆ ಒಂದು ಚಮಚ ಎಣ್ಣೆ ಹಾಕುತ್ತೇನೆ ಅಂತ ನಾನು ಖಂಡಿತವಾಗಿ ನಂಬಿದ್ದೆ. ಡೈರಿಗಾಗಿ ಎಣ್ಣೆ ಬಾಟಲಿಯನ್ನೇ ತಕ್ಕಡಿ ಮೇಲೆ ಇಟ್ಟೆ, ಅಡುಗೆಗೆ ಮೊದಲು ಒಂದು ಸಲ, ಆದಮೇಲೆ ಒಂದು ಸಲ. 22 ಗ್ರಾಂ ಕಡಿಮೆಯಾಗಿತ್ತು. ಒಂದು ಟೀ ಚಮಚ ಅಂದರೆ ನಾಲ್ಕೂವರೆ ಗ್ರಾಂ, ಸುಮಾರು 40 ಕ್ಯಾಲೊರಿ. ನಾನು ಹಾಕಿದ್ದು 198 ಕ್ಯಾಲೊರಿ. ಮರುದಿನ ಮತ್ತೆ ತೂಗಿದೆ, ಹೆಚ್ಚುಕಡಿಮೆ ಅಷ್ಟೇ. ಅಡುಗೆಮನೆಯಲ್ಲಿ ಆ ತಕ್ಕಡಿ ಹಿಡಿದು ನಿಂತಾಗ ಅರ್ಥವಾಯಿತು, ಜನ ತಾವು ತಿಂದದ್ದನ್ನು ಕಡಿಮೆ ಹೇಳುತ್ತಾರೆ ಅಂತ ಪಾಠದಲ್ಲಿ ಬರೆದಿದ್ದು ಯಾಕೆ ಅಂತ. ಅವರು ಸುಳ್ಳು ಹೇಳುವುದಿಲ್ಲ. ಕೈಗೆ ಅಳತೆ ಗೊತ್ತಿರುವುದಿಲ್ಲ, ಅಷ್ಟೇ.

ಇದರ ಬೆನ್ನಿಗೇ ಇನ್ನೊಬ್ಬರನ್ನು ಕೇಳುವ ಅಭ್ಯಾಸ ಇರುತ್ತದೆ. ಕಳೆದ 24 ಗಂಟೆಯಲ್ಲಿ ಏನೇನು ತಿಂದಿರಿ ಅಂತ ವಿಚಾರಿಸಿ ಬರೆದುಕೊಳ್ಳುವುದು. ನಾನು ನಮ್ಮ ಅತ್ತಿಗೆಯನ್ನು ಕೇಳಿದೆ. 'ಬೆಳಗ್ಗೆ ತಿಂಡಿ ಏನು ತಿಂದ್ರಿ?' ಅಂದೆ. ಅವರು ಹೇಳಿದರು, ನಾನು ಬರೆದೆ, ಮಧ್ಯಾಹ್ನದ್ದು ಕೇಳಿದೆ, ರಾತ್ರಿಯದ್ದು ಕೇಳಿದೆ, ಮುಗೀತು. ಅದನ್ನು ಓದಿದ ನಮ್ಮ ಮೇಡಂ ಒಂದೇ ಸಾಲು ಬರೆದು ವಾಪಸ್ ಕಳಿಸಿದರು: ಊಟದ ಹೆಸರು ಹೇಳಬೇಡಿ, ಎದ್ದ ಮೇಲೆ ಮೊದಲು ಬಾಯಿಗೆ ಹಾಕಿದ್ದು ಏನು ಅಂತ ಕೇಳಿ, ಆಮೇಲೆ ಏನು, ಆಮೇಲೆ ಏನು ಅಂತ ಹೋಗಿ. ಮತ್ತೆ ಫೋನ್ ಮಾಡಿದೆ. ಈ ಸಲ ನಾಲ್ಕು ಕಪ್ ಟೀ ಹೊರಬಿತ್ತು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. 32 ಗ್ರಾಂ ಸಕ್ಕರೆ. ಅವರ ಲೆಕ್ಕದಲ್ಲಿ ಟೀ ಊಟವೇ ಅಲ್ಲ, ಹಾಗಾಗಿ ಮೊದಲ ಸಲ ಹೇಳಿರಲಿಲ್ಲ. ತಪ್ಪು ನನ್ನ ಪ್ರಶ್ನೆಯದು. ನಿಮ್ಮ ಅಮ್ಮನ ವಿಷಯದಲ್ಲಿ ನಿಮಗೆ ಮೊದಲು ಕೆಲಸಕ್ಕೆ ಬರುವುದು ಇದೇ ನೋಡಿ.

ಇತಿಹಾಸದ ಪಾಠವನ್ನು ಹಾರಿಸಬೇಡಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ) ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಎಲ್ಲರಿಗೂ ಒಂದೇ ಊಟ, ಒಂದೇ ಜಾಗ. ಒಂದೊಂದು ಜೋಡಿಗೆ ಒಂದೊಂದು ಮದ್ದು. ಕಿತ್ತಳೆ, ನಿಂಬೆ ಸಿಕ್ಕ ಇಬ್ಬರು ಬೇಗ ಎದ್ದು ಓಡಾಡಿದರು. ವಿಟಮಿನ್ ಎಂಬ ಮಾತೇ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1912ರಲ್ಲಿ. ಈ ಕತೆ ಓದಿದ ಮೇಲೆ ಯಾರಾದರೂ 'ಇದನ್ನು ತಿಂದೆ, ವಾಸಿಯಾಯ್ತು' ಅಂದರೆ, ತಿನ್ನದೇ ಇದ್ದವರಿಗೆ ಏನಾಯ್ತು ಅಂತ ಕೇಳುವ ಬುದ್ಧಿ ತಾನಾಗೇ ಬರುತ್ತದೆ.

ಇನ್ನು ಡಯಟ್ ಥೆರಪಿ, ಅಂದರೆ ಕಾಯಿಲೆಗೆ ತಕ್ಕಂತೆ ಊಟ ಹೊಂದಿಸುವುದು. ಸೆಮಿಸ್ಟರಿನ ಉಳಿದರ್ಧ ಇದೇ. ನಾನು ಕೋರ್ಸ್ ಸೇರಿದ್ದು ಇದಕ್ಕೋಸ್ಕರ, ನಮ್ಮ ಅಪ್ಪನಿಗೋಸ್ಕರ.

ಅಪ್ಪನಿಗೆ ಕಿಡ್ನಿ ತೊಂದರೆ. ಮೊದಲಲ್ಲಿ ಪ್ರೊಟೀನ್ ಕಡಿಮೆ ಮಾಡಿ ಅಂತ ಒಂದು ಹಾಳೆ ಕೊಟ್ಟಿದ್ದರು. ಅದನ್ನು ಫ್ರಿಜ್ ಮೇಲೆ ಅಂಟಿಸಿ ಚಾಚೂ ತಪ್ಪದೆ ಪಾಲಿಸಿದೆವು. ಮೊಟ್ಟೆ ನಿಂತಿತು, ಹಾಲು ಕಡಿಮೆಯಾಯಿತು, ಬೇಳೆ ಅಳತೆ ಮಾಡಿ ಹಾಕುತ್ತಿದ್ದೆವು. ಆಮೇಲೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವುದು, ಶುರುವಾಯಿತು. ಹಾಳೆ ಮಾತ್ರ ಫ್ರಿಜ್ ಮೇಲೇ ಇತ್ತು. ಅಪ್ಪ ತೆಳ್ಳಗಾಗುತ್ತಾ ಬಂದರು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಿದ್ದರು. ಕಾಯಿಲೆಯೇ ಹಾಗೆ ಅಂದುಕೊಂಡೆವು. ಹನ್ನೊಂದನೇ ವಾರ ಕಿಡ್ನಿ ಪಾಠ ಬಂತು. ಡಯಾಲಿಸಿಸ್‌ಗೆ ಮೊದಲು ಕಿಡ್ನಿಯ ಹೊರೆ ಇಳಿಸಲು ಪ್ರೊಟೀನ್ ಕಡಿಮೆ ಮಾಡುತ್ತಾರೆ. ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ ಮಾಡಬೇಕು, ಯಾಕೆಂದರೆ ಪ್ರತಿ ಸಲವೂ ಒಂದಿಷ್ಟು ಅಮೈನೋ ಆಮ್ಲಗಳು, ಅಂದರೆ ಪ್ರೊಟೀನಿನ ಬಿಡಿ ತುಣುಕುಗಳು, ಆ ಯಂತ್ರದಲ್ಲಿ ಹೋಗಿಬಿಡುತ್ತವೆ. ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ಅಪ್ಪನ ತೂಕ 60 ಕಿಲೋ. ಹಳೆಯ ಹಾಳೆಯ ಪ್ರಕಾರ ಕಿಲೋಗೆ 0.6 ಗ್ರಾಂ, ಅಂದರೆ ದಿನಕ್ಕೆ 36 ಗ್ರಾಂ. ಡಯಾಲಿಸಿಸ್ ಮಾಡಿಸುವವರಿಗೆ ಕಿಲೋಗೆ 1ರಿಂದ 1.2 ಗ್ರಾಂ, ಅಂದರೆ 60ರಿಂದ 72 ಗ್ರಾಂ. ಅವರಿಗೆ ಬೇಕಾದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಕೊಡುತ್ತಿದ್ದೆವು, ಅದೂ ಪ್ರೀತಿಯಿಂದ, ಕಾಳಜಿಯಿಂದ. ಆಸ್ಪತ್ರೆಯಲ್ಲಿ ಹೇಳಿರಲೂಬಹುದು, ಆ ಗಡಿಬಿಡಿಯಲ್ಲಿ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಲೆಕ್ಕದ ಹಾಳೆ ಹಿಡಿದುಕೊಂಡು ಅಲ್ಲಿನ ಡಯಟಿಷಿಯನ್ ಹತ್ತಿರ ಹೋದೆ. ಅವರು ಅಪ್ಪನ ರಕ್ತಪರೀಕ್ಷೆ ನೋಡಿ ಪೂರ್ತಿ ಹೊಸ ಪಟ್ಟಿ ಬರೆದುಕೊಟ್ಟರು. ಮೊಟ್ಟೆ ವಾಪಸ್ ಬಂತು. ನಾಲ್ಕು ತಿಂಗಳಿಗೆ ಅಪ್ಪ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದರು.

ನಿಮಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಈ ಕೋರ್ಸ್ ಒಳ್ಳೆಯ ಆಹಾರ ಯಾವುದು, ಕೆಟ್ಟದ್ದು ಯಾವುದು ಅನ್ನುವ ಪಟ್ಟಿ ಕೊಡುವುದಿಲ್ಲ. ಯಾರಿಗೆ, ಯಾವ ಕಾಯಿಲೆಗೆ, ಕಾಯಿಲೆಯ ಯಾವ ಹಂತದಲ್ಲಿ ಅಂತ ಕೇಳಲು ಕಲಿಸುತ್ತದೆ. ಬಿಪಿ ಇರುವವರಿಗೆ ಸೋಡಿಯಂ ಕಡಿಮೆ ಇರುವ ಉಪ್ಪು ಒಳ್ಳೆಯದು ಅನ್ನುತ್ತಾರೆ, ಅಲ್ವಾ? ಅಂಥ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸರಿಯಿಲ್ಲದವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಾಗಿಲ್ಲ. ಆದರೆ ಸೊಪ್ಪಿನಲ್ಲಿ ಈ ಮಾತ್ರೆಯ ಕೆಲಸ ತಗ್ಗಿಸುವ ವಿಟಮಿನ್ ಕೆ ಇರುವುದರಿಂದ ದಿನದಿನಕ್ಕೂ ಅಳತೆ ಏರುಪೇರಾಗಬಾರದು. ತುಂಬಾ ದಿನ ಉಪವಾಸ ಬಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ಬಡಿಸಿದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಪ್ರಾಣಕ್ಕೇ ಅಪಾಯ ಆಗಬಹುದು. ಇವೆಲ್ಲ ಕೋರ್ಸಿನಲ್ಲಿ ಒಂದೊಂದು ಪ್ಯಾರಾ, ಓದಿದವರಿಗೆ ಮರೆಯುವುದಿಲ್ಲ.

ಸಮಯದ ವಿಷಯ. ಮೂರು ಕ್ರೆಡಿಟ್‌ನ ಕೋರ್ಸ್ ಆದರೆ ವಾರಕ್ಕೆ ಒಂಬತ್ತು ಗಂಟೆ ಎತ್ತಿಡಿ. ನಾನು ಬೆಳಗ್ಗೆ ಐದರಿಂದ ಆರೂವರೆ ಓದುತ್ತಿದ್ದೆ, ಉಳಿದದ್ದು ಭಾನುವಾರ. ವಾರದ ಕ್ವಿಜ್‌ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ. ಕೇಸ್ ಸ್ಟಡಿಗೆ ಮಾತ್ರ ಸಮಯ ಕೊಡಿ. ಅದರಲ್ಲಿ ಒಬ್ಬ ರೋಗಿಯ ವಯಸ್ಸು, ತೂಕ, ರಕ್ತಪರೀಕ್ಷೆ, ಔಷಧಿ, ಊಟದ ವಿವರ ಕೊಟ್ಟಿರುತ್ತಾರೆ. ನೀವು ಸ್ಥಿತಿ ಅಳೆದು, ತೊಂದರೆ ಗುರುತಿಸಿ, ಏನು ಮಾಡಬೇಕು ಅಂತ ಬರೆದು, ಅದು ಫಲ ಕೊಟ್ಟಿತೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ ಅನ್ನುವುದನ್ನೂ ಹೇಳಬೇಕು. 'ಉಪ್ಪು ಜಾಸ್ತಿ ತಿನ್ನುತ್ತಾರೆ' ಅಂತ ಬರೆದರೆ ಅಂಕ ಬರುವುದಿಲ್ಲ. ಸೋಡಿಯಂ ದಿನಕ್ಕೆ 4,200 ಮಿಲಿಗ್ರಾಂ ಹೋಗುತ್ತಿದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 2,000ಕ್ಕಿಂತ ಕಡಿಮೆ, ಕಾರಣ ಪ್ಯಾಕೆಟ್ ತಿನಿಸು ಮತ್ತು ಲೇಬಲ್ ಓದಲು ಗೊತ್ತಿಲ್ಲದಿರುವುದು ಅಂತ ಬಿಡಿಸಿ ಬರೆಯಬೇಕು. ಕಾರಣ ಸರಿಯಾಗಿ ಬರೆದರೆ ಪರಿಹಾರ ಅಲ್ಲೇ ಕಾಣುತ್ತದೆ: ಇವರಿಗೆ ಬೇಕಾಗಿರುವುದು ಬೈಗುಳ ಅಲ್ಲ, ಲೇಬಲ್ ಓದುವುದನ್ನು ಹೇಳಿಕೊಡಬೇಕು. ಲೆಕ್ಕವನ್ನು ಆ್ಯಪ್‌ಗೆ ಬಿಡಬೇಡಿ, ಮೊದಲ ಎರಡು ಕೇಸ್ ಆದರೂ ಕೈಯಲ್ಲೇ ಮಾಡಿ.

ಮೂರನೇ ಪ್ರಶ್ನೆಗೆ ಬರುತ್ತೇನೆ. ಒಂದು ಕೋರ್ಸ್ ಮುಗಿಸಿದವರು ಡಯಟಿಷಿಯನ್ ಆಗುವುದಿಲ್ಲ. ಅದಕ್ಕೆ ಪದವಿ ಬೇಕು, ಅನುಭವಿಗಳ ಕೈಕೆಳಗೆ ರೋಗಿಗಳ ನಡುವೆ ತರಬೇತಿ ಬೇಕು, ಬಹಳ ದೇಶಗಳಲ್ಲಿ ನೋಂದಣಿಯೂ ಬೇಕು. ಎಷ್ಟೋ ಕಡೆ ಆ ಹೆಸರು ಹಾಕಿಕೊಳ್ಳುವುದಕ್ಕೇ ಕಾನೂನಿನ ಕಟ್ಟು ಇದೆ. ನಾನು ಅಪ್ಪನ ತಟ್ಟೆಯನ್ನು ನನ್ನ ಲೆಕ್ಕದ ಮೇಲೆ ಬದಲಾಯಿಸಲಿಲ್ಲ, ನನ್ನ ಲೆಕ್ಕ ಒಂದು ಪ್ರಶ್ನೆಯಾಯಿತು ಅಷ್ಟೇ. ನೀವೂ ಹಾಗೇ ಮಾಡಿ. ಅದರಲ್ಲೂ ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ತುಂಬಾ ಹುಷಾರು. ಪಾಠ ಓದಿದ ಉತ್ಸಾಹದಲ್ಲಿ ಅನ್ನ, ಬ್ರೆಡ್ ದಿಢೀರ್ ಕಡಿಮೆ ಮಾಡಿ, ಔಷಧಿ ಮೊದಲಿನಷ್ಟೇ ಇಟ್ಟರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಕೆಲವು ಮಾತ್ರೆಗಳಲ್ಲೂ ಹೀಗಾಗುತ್ತದೆ. ಶುಗರ್ ಪರೀಕ್ಷೆ 70ಕ್ಕಿಂತ (mg/dL) ಕಡಿಮೆ ತೋರಿಸಿದರೆ, ಅವರಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಊಟ ಬದಲಾಯಿಸುವ ಮೊದಲು ಡಾಕ್ಟರ್‌ಗೆ ಹೇಳಿ, ಔಷಧಿಯನ್ನೂ ಜೊತೆಗೇ ಸರಿಮಾಡುತ್ತಾರೆ.

ಫೀಸ್ ಕಟ್ಟುವ ಮೊದಲು ಕಾಲೇಜಿನವರನ್ನು ಮೂರು ವಿಷಯ ಕೇಳಿ. ಕಲಿಸುವವರು ನೋಂದಾಯಿತ ಡಯಟಿಷಿಯನ್ನಾ? ಕೇಸ್ ಸ್ಟಡಿಯನ್ನು ಮನುಷ್ಯರು ಓದಿ ತಿದ್ದಿ ಕೊಡುತ್ತಾರಾ, ಇಲ್ಲ ಕಂಪ್ಯೂಟರ್ ಬರೀ ಅಂಕ ಹಾಕುತ್ತದಾ? ಮುಂದೆ ಪದವಿಗೆ ಸೇರಿದರೆ ಈ ಕ್ರೆಡಿಟ್ ನಡೆಯುತ್ತಾ? ಎರಡನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಾಲೇಜು ನೋಡಿ. ನಮ್ಮ ಮೇಡಂ ವಾಪಸ್ ಕಳಿಸಿದ ಆ ಒಂದು ಸಾಲು ಇಲ್ಲದಿದ್ದರೆ ಅತ್ತಿಗೆಯ ನಾಲ್ಕು ಕಪ್ ಟೀ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.