ಫ್ಲೂ ಹರಡುವ ಕಾಲದಲ್ಲಿ ಮಕ್ಕಳೇ ಹೆಚ್ಚಾಗಿ ಹಾಸಿಗೆ ಹಿಡಿಯುವುದೇಕೆ?

ಮಕ್ಕಳ ದೇಹಕ್ಕೆ ಇನ್‌ಫ್ಲುಯೆಂಜಾ ವೈರಸ್‌ನ ಪರಿಚಯ ಇನ್ನೂ ಸಾಲದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ವೈರಸ್ ತನ್ನ ಹೊರಮೈಯ ಪ್ರೋಟೀನುಗಳನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವೇ ಬದಲಿಸಿಕೊಳ್ಳುತ್ತದೆಯಾದರೂ, ಹಲವು ಸಲ ಅದನ್ನು ಎದುರಿಸಿರುವ ದೊಡ್ಡವರಲ್ಲಿ ಹಳೆಯ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಅಷ್ಟಿಷ್ಟಾದರೂ ನೆರವಿಗೆ ಬರುತ್ತವೆ. ಎಳೆಯ ಮಗುವಿನಲ್ಲಿ ಆ ದಾಸ್ತಾನೇ ಇರುವುದಿಲ್ಲ. 6 ತಿಂಗಳಿಂದ 8 ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲ ಫ್ಲೂ ಲಸಿಕೆ ಹಾಕಿಸುವಾಗ ಕನಿಷ್ಠ 4 ವಾರಗಳ ಅಂತರದಲ್ಲಿ 2 ಡೋಸ್ ಕೊಡುವುದೂ ಇದಕ್ಕಾಗಿಯೇ.

ಸೋಂಕು ತಗುಲಿದ ವಯಸ್ಕರು ಸಾಮಾನ್ಯವಾಗಿ ಲಕ್ಷಣ ಕಾಣಿಸುವ ಹಿಂದಿನ ದಿನದಿಂದ 5–7 ದಿನಗಳವರೆಗೆ ವೈರಸ್ ಹೊರಹಾಕಿದರೆ, ಚಿಕ್ಕ ಮಕ್ಕಳು 10 ದಿನ ದಾಟಿಯೂ ಹೊರಹಾಕಬಲ್ಲರು. ಮೂಗು ಒರೆಸಿಕೊಂಡ ಕೈಯಲ್ಲೇ ಪಕ್ಕದವಳಿಗೆ ಪೆನ್ಸಿಲ್ ದಾಟಿಸುವ, ಕಿವಿಗೆ ಬಾಯಿಯಿಟ್ಟು ಗುಟ್ಟು ಹೇಳುವ ತರಗತಿಯೊಂದರಲ್ಲಿ ಇಷ್ಟು ಕಾಲಾವಕಾಶ ಧಾರಾಳವಾಯಿತು. ಹೀಗಾಗಿ ಸೋಂಕು ಶಾಲೆಯಿಂದ ಮನೆಗೆ ಬರುವುದು ಸಾಮಾನ್ಯ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು: ಸೋಂಕು ಹೆಚ್ಚಾಗಿ ತಗುಲುವುದು ಶಾಲೆಗೆ ಹೋಗುವ ವಯಸ್ಸಿನವರಿಗಾದರೂ, ನ್ಯುಮೋನಿಯಾದಂಥ ತೊಡಕುಗಳ ಅಪಾಯ ಹೆಚ್ಚಿರುವುದು 5 ವರ್ಷದೊಳಗಿನವರಿಗೆ, ಅದರಲ್ಲೂ 2 ವರ್ಷ ತುಂಬದ ಕೂಸುಗಳಿಗೆ.