ಸಿಂದಬಾದ್‌ಗೆ ಬೆಟ್ಟದಲ್ಲೇನು ಕೆಲಸ?

ಒಳ್ಳೆ ಪ್ರಶ್ನೆ ಕೇಳಿದ್ದೀರಿ. 1971ರ ಟರ್ಕಿ ಸಿನಿಮಾ ‘ಶೆಹಜಾದೆ ಸಿನ್‌ಬಾದ್ ಕಾಫ್ ದಾವುಂದಾ’ದಲ್ಲಿ ಕಡಲಯಾನಕ್ಕೆ ಹೆಸರಾದ ಸಿಂದಬಾದ್‌ಗೆ ಸಮುದ್ರ ಬಿಟ್ಟು ಬೆಟ್ಟ ಯಾಕೆ, ತುಟಿಗೂ ಮಾತಿಗೂ ಹೊಂದಿಕೆ ಯಾಕಿಲ್ಲ ಅಂತ ಅಲ್ವಾ?

ಹೆಸರಲ್ಲೇ ಉತ್ತರ ಇದೆ. ಅದರ ಅರ್ಥ ‘ಕಾಫ್ ಬೆಟ್ಟದಲ್ಲಿ ರಾಜಕುಮಾರ ಸಿಂದಬಾದ್’. ಅರಬ್ಬರ ಹಳೆಯ ಕಲ್ಪನೆಯಲ್ಲಿ ಕಾಫ್ ಅಂದರೆ ಇಡೀ ಭೂಮಿಯನ್ನು ಸುತ್ತುವರಿದ ಬೆಟ್ಟ. ಅದು ಟರ್ಕಿಯ ಅಜ್ಜಿಕಥೆಗಳಿಗೂ ಬಂತು. ದೈತ್ಯರು, ಯಕ್ಷಿಣಿಯರು, ಜುಮ್ರುದುಅಂಕಾ ಎಂಬ ಮಾಯಾಪಕ್ಷಿ, ಎಲ್ಲರ ಮನೆಯೂ ಅಲ್ಲೇ. ನಮ್ಮಲ್ಲಿ ‘ಏಳು ಸಮುದ್ರದಾಚೆ’ ಅಂತೀವಲ್ಲ, ಹಾಗೆ. ಜಂಬದವರನ್ನು ಕಂಡರೆ ‘ಅವನ ಮೂಗು ಕಾಫ್ ಬೆಟ್ಟದಲ್ಲಿದೆ’ ಅಂತ ಇಂದಿಗೂ ಅಲ್ಲಿ ಆಡಿಕೊಳ್ಳುತ್ತಾರೆ! ‘ಅರೇಬಿಯನ್ ನೈಟ್ಸ್’ನ ಮೂಲ ಕಥೆಯ ಸಿಂದಬಾದ್ ಬಾಗ್ದಾದಿನ ವ್ಯಾಪಾರಿ. ಅವನನ್ನು ರಾಜಕುಮಾರ ಮಾಡಿ ತಮ್ಮ ಕಥೆಯ ಬೆಟ್ಟಕ್ಕೆ ಹತ್ತಿಸಿದ್ದು ನನಗಂತೂ ಇಷ್ಟವಾಯಿತು. ಇದನ್ನು ಸುಮ್ನೆ ನಕಲು ಅನ್ನೋಕಾಗಲ್ಲ.

ತುಟಿಯ ವಿಷಯ: ನೀವು ನೋಡಿದ್ದು ಬೇರೆ ಭಾಷೆಯಿಂದ ಡಬ್ ಆದದ್ದೇ ಆಗಬೇಕೆಂದಿಲ್ಲ. ಇಸ್ತಾಂಬುಲ್‌ನ ಯೆಶಿಲ್‌ಚಾಮ್ ಬೀದಿಯ ಹೆಸರಿನಿಂದಲೇ ಗುರುತಾದ ಆ ಚಿತ್ರರಂಗದಲ್ಲಿ ಚಿತ್ರೀಕರಣದ ವೇಳೆ ಸಾಮಾನ್ಯವಾಗಿ ಧ್ವನಿ ದಾಖಲಿಸುತ್ತಲೇ ಇರಲಿಲ್ಲ. ಪಕ್ಕದಲ್ಲೊಬ್ಬ ಸಂಭಾಷಣೆ ಓದುತ್ತಿದ್ದ, ನಟರು ಕೇಳಿಸಿಕೊಂಡು ತುಟಿ ಆಡಿಸುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಧ್ವನಿ ಸೇರಿಸುತ್ತಿದ್ದರು, ಎಷ್ಟೋ ಸಲ ಬೇರೆ ಕಲಾವಿದರದ್ದು. 1972ರಲ್ಲಿ ಅಲ್ಲಿ ಸುಮಾರು 300 ಸಿನಿಮಾ ತಯಾರಾದವು. ತುಟಿ ಹೊಂದಿಸುತ್ತಾ ಕೂರೋಕೆ ಪುರುಸೊತ್ತೆಲ್ಲಿ?

ಇದು ಹಿಡಿಸಿದ್ದರೆ ಮುಂದೆ 2014ರ ‘ರೀಮೇಕ್, ರೀಮಿಕ್ಸ್, ರಿಪ್-ಆಫ್’ ನೋಡಿ. ಜೆಮ್ ಕಾಯಾ ಅವರ ಸಾಕ್ಷ್ಯಚಿತ್ರ, ಇದೇ ಚಿತ್ರರಂಗದ ಬಗ್ಗೆ.